ಹನ್ನೊಂದನೆಯ ಉತ್ತರ

ಅಣ್ಣ ಬಚ್ಚಲಿನಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ. ನಲ್ಲಿ ಬಿಡುವ ಸದ್ದು, ನಿಲ್ಲಿಸುವ ಸದ್ದು, ಬ್ಲೇಡನ್ನು ಬೋಗುಣಿಯ ಅಂಚಿಗೆ ಎರಡು ಸಲ ಕುಟ್ಟುವ ಸದ್ದು. ಇನ್ನು ಹತ್ತು ನಿಮಿಷ, ಹೆಚ್ಚೆಂದರೆ ಹನ್ನೆರಡು. ಅವನು ಹೊರಗೆ ಬರುವುದರೊಳಗೆ ಮಾಡಿ ಮುಗಿಸಬೇಕೆಂದು ಅವಳು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿದ್ದಳು. ಈಗ ಅವನದೇ ಕುರ್ಚಿಯಲ್ಲಿ, ಅವನ ಬೆನ್ನಿನ ಆಕಾರಕ್ಕೆ ತಗ್ಗಿದ ದಿಂಬಿಗೆ ಒರಗಿ ಕೂತಾಗ, ಕದಿಯಲು ಬಂದವಳು ಮನೆಯವರ ಚಪ್ಪಲಿಯನ್ನೇ ಮೆಟ್ಟಿಕೊಂಡ ಹಾಗೆ ಅನ್ನಿಸುತ್ತಿತ್ತು. ಪರದೆಯ ಮೇಲೆ ಲೇಖನ ತಿದ್ದಲು ತೆರೆದುಕೊಂಡಿತ್ತು. ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರಜಾಲದ ವಿಶ್ವಕೋಶ ಅದು. ಆದರೆ ‘ಹಗ್ಗದವನ ವಿಚಾರಣೆ’ ಎಂಬ ಆ ಒಂದು ಲೇಖನವನ್ನು ಒಂಬತ್ತು ವರ್ಷದಿಂದ ಸಾಕಿ ಸಲಹಿದವರು ಈ ಅಣ್ಣ ತಂಗಿಯೇ. ಅಣ್ಣ ಬರೆಯುತ್ತಿದ್ದ, ಅವಳು ಕಾಗುಣಿತ ನೋಡುತ್ತಿದ್ದಳು. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಊಟದ ಹೊತ್ತಿನವರೆಗೆ. ಇವತ್ತು ಮೊದಲ ಸಲ ಅವಳು ಕಾಗುಣಿತವಲ್ಲದ್ದಕ್ಕೆ ಕೈ ಹಾಕಿದ್ದಳು. ಲೇಖನದ ನಡುಮಧ್ಯೆ ದೊಡ್ಡಕ್ಷರದ ಚೌಕಟ್ಟಿನಲ್ಲಿದ್ದ ಆರು ಸಾಲು ಈಗ ಅಲ್ಲಿರಲಿಲ್ಲ. ಹಲ್ಲು ಕಿತ್ತ ಜಾಗದಂತೆ ಒಂದು ಬಿಳುಪು. ‘ಪ್ರಕಟಿಸಿ’ ಎಂಬ ಗುಂಡಿ ಒತ್ತಿದರೆ ಜಗತ್ತಿನ ಪಾಲಿಗೂ ಅದು ಇಲ್ಲವಾಗುತ್ತದೆ. ಒಳಗೆ ಬ್ಲೇಡು ಮತ್ತೆ ಎರಡು ಸಲ ಕುಟ್ಟಿತು.

ಆ ಆರು ಸಾಲನ್ನು ಅವಳು ಮೊದಲು ಕೇಳಿದ್ದು ಎಂಟು ವರ್ಷದವಳಿದ್ದಾಗ. ಅಣ್ಣನಿಗೆ ಆಗ ಇಪ್ಪತ್ತು. ಮೇಷ್ಟ್ರ ಕೆಲಸ ಸಿಕ್ಕಿದ ಮೊದಲ ವಾರ. ಮರುದಿನದ ಪಾಠವನ್ನು ಅಡುಗೆಮನೆಯ ಮೇಜಿನ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದ. ಇನ್ನೂರು ವರ್ಷದ ಹಿಂದೆ ಈ ಬಂದರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಹಡಗಿನಲ್ಲಿ ಮನುಷ್ಯರನ್ನು ತುಂಬಿ ತಂದು ಮಾರುತ್ತಿದ್ದ ಕಾಲ. ಅವರನ್ನು ಕಟ್ಟುವುದಕ್ಕೆ ನನ್ನ ಹಗ್ಗ ಕೊಡುವುದಿಲ್ಲ ಎಂದು ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದವನು. ಅಷ್ಟಕ್ಕೇ ಬಿಡದೆ, ತಪ್ಪಿಸಿಕೊಂಡ ಹನ್ನೊಂದು ಮಂದಿಯನ್ನು ಹಗ್ಗದ ಕೊಟ್ಟಿಗೆಯಲ್ಲಿ ನಲವತ್ತು ದಿನ ಬಚ್ಚಿಟ್ಟು, ಗುಡ್ಡದ ಆಚೆಗೆ ದಾಟಿಸಿ, ಸಿಕ್ಕಿಬಿದ್ದ. ಮೂರು ದಿನದ ವಿಚಾರಣೆ, ಏಳು ವರ್ಷದ ಕಠಿಣ ಶಿಕ್ಷೆ, ನಾಲ್ಕನೆಯ ವರ್ಷದಲ್ಲಿ ಸೆರೆಮನೆಯಲ್ಲೇ ಸಾವು. ಶಿಕ್ಷೆ ಕೇಳಿದ ಕೂಡಲೇ ಅವನು ಕಟಕಟೆಯಲ್ಲಿ ನಿಂತು ಹೇಳಿದ್ದು ಎಂದು ಅಣ್ಣ ಆ ಸಂಜೆ ಕೈ ಮುಂದೆ ಚಾಚಿ ಹೇಳಿದ: “ನಾನು ಹೊಸೆದ ಹಗ್ಗ ಹಡಗನ್ನು ದಡಕ್ಕೆ ಕಟ್ಟಲಿ, ಮನುಷ್ಯನನ್ನು ಮನುಷ್ಯನಿಗೆ ಕಟ್ಟದಿರಲಿ. ಕಟ್ಟಿ ನನ್ನ ಕೈಗಳನ್ನು, ಆದರೆ ಅದಕ್ಕೆ ನನ್ನ ಅಂಗಡಿಯ ಹಗ್ಗ ನಿಮಗೆ ಸಿಗಲಾರದು…” ‘ಸಿಗಲಾರದು’ ಎನ್ನುವಲ್ಲಿ ಅಣ್ಣನ ದನಿ ಇಳಿಯುತ್ತಿತ್ತು. ಬಾಗಿಲ ಪರದೆಯ ಹಿಂದೆ ನಿಂತು ಕೇಳಿದ ಅವಳಿಗೆ, ಯಾರಿಗೂ ಕಾಣದ ಹಾಗೆ ಪರದೆಯಲ್ಲೇ ಮೂಗು ಒರೆಸಿಕೊಂಡದ್ದು ನೆನಪು. ಆಮೇಲೆ ಮೂವತ್ತೊಂದು ವರ್ಷ ಅವನು ಆ ಪಾಠ ಮಾಡಿದ. ಊರಿನಲ್ಲಿ ಆ ಸಾಲು ಬಾಯಿಪಾಠ ಬರದವರೇ ಇಲ್ಲ. ಔಷಧದಂಗಡಿಯವನು ಪೊಟ್ಟಣ ಕಟ್ಟುತ್ತ ಹೇಳುತ್ತಾನೆ. ಬಸ್ಸಿನ ಕಂಡಕ್ಟರನಂತೂ ಅಣ್ಣನನ್ನು ಕಂಡರೆ ಸಾಕು, ಟಿಕೇಟಿನ ಯಂತ್ರ ಕುತ್ತಿಗೆಗೆ ಜಾರಿಸಿ ಎರಡೂ ಮಣಿಕಟ್ಟು ಮುಂದೊಡ್ಡಿ, “ಕಟ್ಟಿ ಮೇಷ್ಟ್ರೇ ನನ್ನ ಕೈಗಳನ್ನು!” ಎನ್ನುತ್ತಾನೆ. ಅಣ್ಣ ನಾಚಿಕೊಂಡು ಕಿಟಕಿಯ ಕಡೆ ತಿರುಗುತ್ತಾನೆ, ಆ ದಿನವೆಲ್ಲ ಒಳ್ಳೆಯ ಮನಸ್ಸಿನಲ್ಲಿರುತ್ತಾನೆ.

ಹಗ್ಗದವನು ಅದನ್ನು ಹೇಳಿರಲೇ ಇಲ್ಲ. ಈ ವಾರ ನಾಲ್ಕು ದಿನ, ನ್ಯಾಯಾಲಯದ ಹಿಂಬದಿಯ ಕೋಣೆಯಲ್ಲಿ ಊಟದ ಡಬ್ಬಿ ತೆರೆದಿಟ್ಟು ಮುಚ್ಚಳ ಹಾಕುವುದನ್ನೂ ಮರೆತು, ಅವಳು ಓದಿ ಮುಗಿಸಿದ್ದಳು. ದಾಖಲೆಗಳ ಇಲಾಖೆಯವರು ಹಳೆಯ ಕಡತಗಳ ಚಿತ್ರಗಳನ್ನು ಎರಡು ವಾರದ ಹಿಂದೆ ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಹಾಕಿದ್ದರು. ಎಲ್ಲರಿಗೂ ಕಂಡರೂ ಯಾರಿಗೂ ಓದಲು ಬರುತ್ತಿರಲಿಲ್ಲ. ಹಳೆಯ ಗುಮಾಸ್ತರ ಕೈಬರಹ, ಇರುವೆಗಳು ಮಸಿಯಲ್ಲಿ ಬಿದ್ದೆದ್ದು ನಡೆದ ಹಾಗೆ. ಅವಳಿಗೆ ಬರುತ್ತಿತ್ತು. ವಿಚಾರಣೆಯ ಮಾತುಗಳನ್ನು ಬೆರಳಚ್ಚಿಸುವ ಕೆಲಸಕ್ಕೆ ಬರುವ ಮೊದಲು ಹನ್ನೊಂದು ವರ್ಷ ಅದೇ ನ್ಯಾಯಾಲಯದ ನಕಲು ವಿಭಾಗದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಥ ಕಾಗದಗಳನ್ನೇ ಎತ್ತಿ ಬರೆದವಳು. ಮೂರನೆಯ ದಿನದ ಕೊನೆಯ ಪುಟದಲ್ಲಿ ಇದ್ದದ್ದು ಇಷ್ಟು: ‘ಶಿಕ್ಷೆಯನ್ನು ಓದಿ ಹೇಳಲಾಯಿತು. ಆರೋಪಿ ಕುಡಿಯಲು ನೀರು ಕೇಳಿದ. ಕೊಡಲಾಯಿತು.’ ಆರು ಸಾಲಿನ ಮಾತು ನಲವತ್ತು ವರ್ಷ ಕಳೆದ ಮೇಲೆ ಅಚ್ಚಾದ ಒಂದು ಸ್ಮರಣೆಯ ಹೊತ್ತಗೆಯಲ್ಲಿ ಮೊದಲು ಕಾಣಿಸಿಕೊಂಡದ್ದು. ಅದನ್ನು ಬರೆದವನು ವಿಚಾರಣೆ ನಡೆದಾಗ ಹುಟ್ಟಿಯೂ ಇರಲಿಲ್ಲ. ಅವಳು ಆ ಕೊನೆಯ ಪುಟವನ್ನು ಎಂಟು ಸಲ ಓದಿದಳು. ಎಂಟನೆಯ ಸಲಕ್ಕೂ ಅವನು ನೀರನ್ನೇ ಕೇಳಿದ.

ಅವಳನ್ನು ಅಲುಗಿಸಿದ್ದು ಆ ಪುಟವಲ್ಲ, ಎರಡನೆಯ ದಿನದ ಪುಟಗಳು. ಅಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಬರುತ್ತಿತ್ತು: ‘ಇದನ್ನು ಬರೆಯಕೂಡದೆಂದು ಆಜ್ಞೆಯಾಯಿತು.’ ಮೊದಲ ಸಲ ಕಂಡಾಗಲೇ ಅವಳ ಬೆರಳುಗಳು ಮೇಜಿನ ಮೇಲೆ ತಾವಾಗಿ ಮಡಚಿಕೊಂಡವು. ಆರು ವರ್ಷದ ಹಿಂದಿನ ಒಂದು ಬೇಸಿಗೆಯ ಮಧ್ಯಾಹ್ನ, ಇದೇ ನ್ಯಾಯಾಲಯ, ಫ್ಯಾನು ಕಡತದ ಹಾಳೆಗಳ ಮೂಲೆಯನ್ನಷ್ಟೇ ಎತ್ತಿ ಇಳಿಸುತ್ತಿತ್ತು. ಕಟಕಟೆಯಲ್ಲಿದ್ದವಳು ಮನೆಕೆಲಸದ ಹೆಂಗಸು, ಬಲಗೈಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲೇ ಸುಟ್ಟ ಕಲೆ. ಕೈ ಸುಟ್ಟದ್ದು ಯಾವ ದಿನ ಎಂದು ವಕೀಲರು ಕೇಳಿದರು. “ಬುಧವಾರ,” ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, “ಆಸ್ಪತ್ರೆಗೆ ಹೋಗೋಣ ಅಂದ್ರೆ ಬಾಗಿಲಿಗೆ ಹೊರಗಡೆಯಿಂದ ಬೀಗ. ಎರಡು ವರ್ಷ ಹಾಗೇ ಹಾಕ್ತಿದ್ರು,” ಎಂದಳು. ನ್ಯಾಯಾಧೀಶರು ಕೆಟ್ಟವರಲ್ಲ. ನೆಗಡಿಯಾಗಿತ್ತು, ಇನ್ನೂ ಮೂರು ಪ್ರಕರಣ ಬಾಕಿ ಇದ್ದವು. “ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮ,” ಎಂದು ಹೆಂಗಸಿಗೆ ಹೇಳಿ, ಬೆರಳಚ್ಚಿಸುತ್ತಿದ್ದ ಇವಳತ್ತ ತಿರುಗಿ, “ಅದು ಬೇಡ, ಬಿಡಿ,” ಎಂದರು. ಬಿಟ್ಟರೂ ಬಿಟ್ಟಿದ್ದೇವೆ ಎಂದು ಒಂದು ಸಾಲು ನಮೂದಿಸಬೇಕು, ಅದು ನಿಯಮ, ಹೊಸಬರಿಗೆ ಅವಳೇ ಕಲಿಸುವ ನಿಯಮ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು, ಅಕ್ಷರಗಳು ಬಲದಿಂದ ಎಡಕ್ಕೆ ಒಂದೊಂದಾಗಿ ಹೋಗುವುದನ್ನು ನೋಡಿದಳು. ‘ಬುಧವಾರ’ ಉಳಿಯಿತು. ಬಿಟ್ಟಿದ್ದೇವೆ ಎಂಬ ಸಾಲನ್ನು ಅವಳು ಸೇರಿಸಲಿಲ್ಲ. ಮೂರು ತಿಂಗಳ ಮೇಲೆ ಮನೆಯೊಡೆಯ ಬಿಡುಗಡೆಯಾದ. ತೀರ್ಪಿನಲ್ಲಿ, ‘ತನ್ನನ್ನು ಕೂಡಿಹಾಕಲಾಗಿತ್ತೆಂದು ಸಾಕ್ಷಿಯು ಎಲ್ಲಿಯೂ ನುಡಿದಿರುವುದಿಲ್ಲ’ ಎಂಬ ಸಾಲಿತ್ತು. ಆ ಸಾಲನ್ನು ಬೆರಳಚ್ಚಿಸಿದವಳೂ ಅವಳೇ. ಒಂದು ಕೊಂಬು, ಒಂದು ಒತ್ತು ತಪ್ಪಿರಲಿಲ್ಲ. “ನಿಮ್ಮ ಪ್ರತೀಲಿ ತಪ್ಪು ಹುಡುಕೋದೇ ಕಷ್ಟ ನೋಡಿ,” ಎಂದು ನ್ಯಾಯಾಧೀಶರು ಎಲ್ಲರೆದುರು ಹೊಗಳಿದರು, ಅವಳು ನಕ್ಕಳು. ಆ ನಗು ಆರು ವರ್ಷದಿಂದ ಮುಖದ ಚರ್ಮದ ಕೆಳಗೆಲ್ಲೋ ಹಾಗೇ ಅಂಟಿಕೊಂಡಿದೆ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಬಚ್ಚಲಿನ ಬಾಗಿಲು ಕಿರ್ರೆಂದಿತು. ಅವಳು ಗುಂಡಿ ಒತ್ತಿದಳು.

ಅಡುಗೆಮನೆಯ ಕಿಟಕಿಯ ಮೇಲಿಟ್ಟಿದ್ದ ಅಣ್ಣನ ಫೋನು ಟಿಣ್ಣೆಂದಿತು. ಲೇಖನವನ್ನು ಯಾರು ಮುಟ್ಟಿದರೂ ಟಿಣ್ಣೆನ್ನುವ ಹಾಗೆ ಅದನ್ನು ಹೊಂದಿಸಿಕೊಟ್ಟವಳು ಅವಳೇ. ಗಡಿಬಿಡಿಯಲ್ಲಿ ಅದು ಮರೆತೇಹೋಗಿತ್ತು. “ಯಾರೋ ತಿದ್ದಿದಾರೆ ನೋಡು!” ಎಂದು ಅತ್ತಿಗೆ ಒಳಗಿನಿಂದ ಕೂಗಿದಳು, ಮನೆಗೆ ನೆಂಟರು ಬಂದಷ್ಟೇ ಸಂಭ್ರಮದಿಂದ. ಅಣ್ಣ ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಹಾಗೇ ಇಟ್ಟುಕೊಂಡು ಬಂದು, ಕನ್ನಡಕವನ್ನು ಮೂಗಿಗೇರಿಸಿ ಫೋನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವಳ ಪಕ್ಕದಲ್ಲಿ ಬಗ್ಗಿ, ಮೌಸನ್ನು ಅವಳ ಕೈಯಿಂದ ಬಿಡಿಸಿಕೊಂಡು, ತಿದ್ದುಪಡಿಯನ್ನು ರದ್ದು ಮಾಡಿದ. ಆರು ಸಾಲು ಚೌಕಟ್ಟಿನ ಸಮೇತ ಮರಳಿ ಬಂತು. ತರಗತಿಯಲ್ಲಿ ಯಾರದೋ ಕೈಯಿಂದ ಸೀಮೆಸುಣ್ಣ ಕಸಿದುಕೊಳ್ಳುವಷ್ಟೇ ಸಲೀಸಾಗಿ. ಐವತ್ನಾಲ್ಕು ವರ್ಷದ ಅವಳಿಗೆ ಕಿವಿ ಬಿಸಿಯಾಯಿತು.

“ಯಾಕೆ ತೆಗ್ದೆ?” ಎಂದ.

“ಅವನು ಅದನ್ನ ಹೇಳಿಲ್ಲ ಅಣ್ಣ. ಮೂಲ ದಾಖಲೆ ಸಿಕ್ತು. ಪೂರ್ತಿ ಓದಿದೆ.”

“ಹೇಳಿಲ್ಲ ಅಂತ ಬರ್ದಿದೆಯಾ?”

“ಹೇಳಿದ ಅಂತ ಬರ್ದಿಲ್ಲ.”

“ಅಲ್ಲಿಗೆ! ಗುಮಾಸ್ತನಿಗೆ ನಿದ್ದೆ ಬಂದಿರಬೇಕು. ಆಡಿದ್ದೆಲ್ಲ ಬರ್ಕೊಂಡ್ಬಿಡ್ತಾರಾ ನಿಮ್ಮೋರು?”

ಅವಳು ಕೈ ಹಿಂದಕ್ಕೆಳೆದು ಬೆರಳು ಮಡಚಿಕೊಂಡಳು. ಅದನ್ನು ಅಣ್ಣ ಹಟವೆಂದು ತಿಳಿದ. ಅವನ ಕತ್ತಿನ ನರ ಉಬ್ಬಿತು. ನೊರೆ ಒಣಗಿ ಕೆನ್ನೆ ಬಿರುಕು ಬಿಡುತ್ತಿತ್ತು. “ಮೂವತ್ತೊಂದು ವರ್ಷ! ಎಷ್ಟು ಸಾವಿರ ಮಕ್ಕಳಿಗೆ ಹೇಳ್ಕೊಟ್ಟಿದೀನಿ ಗೊತ್ತಾ? ಅವರಿಗೆಲ್ಲ ಕಾಗದ ಹಾಕ್ಲಾ ಈಗ, ಮೇಷ್ಟ್ರು ಸುಳ್ಳು ಹೇಳ್ದ ಅಂತ? ನೀನು ಇನ್ನೊಬ್ರು ಹೇಳಿದ್ದನ್ನ ಬರ್ಕೊಳ್ಳೋಳು. ಚರಿತ್ರೆ ಅಂದ್ರೇನು ಅಂತ ನನಗೆ ಪಾಠ ಮಾಡ್ಬೇಡ.”

“ನೊರೆ ಒರೆಸ್ಕೊಂಡು ಜಗಳ ಆಡಿ,” ಎಂದು ಅತ್ತಿಗೆ ಬಾಗಿಲಲ್ಲಿ ನಿಂತು ಟವೆಲು ಎಸೆದಳು. “ಅರ್ಧ ಮುಖದ ಮೇಷ್ಟ್ರ ಮಾತು ಯಾರು ಕೇಳ್ತಾರೆ?”

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯತ್ತ ಹೋಗಿ ಬೆನ್ನು ತೋರಿಸಿ ನಿಂತ. ಬೆನ್ನು ಮೊದಲಿಗಿಂತ ಸಣ್ಣದಾಗಿದೆ ಎಂದು ಅವಳು ಗಮನಿಸಿದಳು. ಇವನ ಆ ದನಿ ಕೇಳಿಯೇ ತಾನು ನ್ಯಾಯಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದು. ಕಟಕಟೆಯಲ್ಲಿ ನಿಂತವರು ಅಂಥ ಮಾತು ಆಡುತ್ತಾರೆ, ಅದನ್ನು ಬರೆದಿಡುವ ಕೈ ನನ್ನದಾಗಿರಲಿ ಎಂದು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂದುಕೊಂಡದ್ದನ್ನು ಅವಳು ಇವನಿಗೂ ಹೇಳಿರಲಿಲ್ಲ. ಈಗ ಆ ಮಾತನ್ನು ಕಿತ್ತುಹಾಕಲು ಬಂದವಳೂ ತಾನೇ. ಎದ್ದು ಹೋಗಿಬಿಡೋಣ ಎನ್ನಿಸಿತು. ಚೀಲ ಹೆಗಲಿಗೇರಿಸಿದಳು. ಚೀಲದಲ್ಲಿ ನಾಲ್ಕು ದಿನ ಕೂತು ಎತ್ತಿ ಬರೆದ ಹದಿನೇಳು ಹಾಳೆಗಳಿದ್ದವು. ಅವು ಅವಳ ಪಕ್ಕೆಗೆ ಒತ್ತಿದವು.

“ಎರಡನೇ ದಿನದ್ದು ಮಾತ್ರ ಓದ್ತೀನಿ,” ಎಂದಳು. “ಕೇಳು. ಆಮೇಲೆ ನಿನ್ನಿಷ್ಟ.”

ಅವನು ತಿರುಗಲಿಲ್ಲ.

ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳುವಾಗ ನ್ಯಾಯಾಲಯದಲ್ಲಿ ಒಂದು ದನಿ ಇರುತ್ತದೆ. ಏರಿಲ್ಲ, ಇಳಿವಿಲ್ಲ, ಯಾರ ಪಕ್ಷವೂ ಇಲ್ಲ. ಇಪ್ಪತ್ತು ವರ್ಷ ಬಳಸಿ ಬಳಸಿ ಅದು ಅವಳ ಎರಡನೆಯ ಗಂಟಲಾಗಿತ್ತು. ಆ ದನಿಯಲ್ಲಿ ಓದಿದಳು.

“ಪ್ರಶ್ನೆ: ಹನ್ನೊಂದು ತಲೆಗಳನ್ನು ನಿನ್ನ ಕೊಟ್ಟಿಗೆಯಲ್ಲಿ ಬಚ್ಚಿಟ್ಟದ್ದು ಹೌದೋ ಅಲ್ಲವೋ? ಉತ್ತರ: ತಲೆಗಳಲ್ಲ ಸ್ವಾಮಿ. ಮೊದಲನೆಯವನು ಬಡಗಿ. ಇದನ್ನು ಬರೆಯಕೂಡದೆಂದು ಆಜ್ಞೆಯಾಯಿತು. ಪ್ರಶ್ನೆ: ಹನ್ನೊಂದು, ಹೌದೋ ಅಲ್ಲವೋ? ಉತ್ತರ: ಎರಡನೆಯಾಕೆ ಅವನ ಅಕ್ಕ, ಎಡಗೈಯಲ್ಲಿ ಹೊಲಿಯುತ್ತಾಳೆ. ಇದನ್ನು ಬರೆಯಕೂಡದೆಂದು ಆಜ್ಞೆಯಾಯಿತು. ಪ್ರಶ್ನೆ: ಹೌದೋ ಅಲ್ಲವೋ? ಉತ್ತರ: ಮೂರನೆಯವನು ಮುದುಕ, ಯಾರೂ ಎಬ್ಬಿಸದಿದ್ದರೂ ನಸುಕಿನಲ್ಲಿ ಎದ್ದು ನನ್ನ ನೂಲು ಬಿಡಿಸಿಡುತ್ತಿದ್ದ. ಇದನ್ನು ಬರೆಯಕೂಡದೆಂದು ಆಜ್ಞೆಯಾಯಿತು.”

ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಓದುತ್ತ ಹೋದಳು. ನಾಲ್ಕನೆಯವನಿಗೆ ನಾಯಿಯೆಂದರೆ ಹೆದರಿಕೆ. ನಾಯಿ ಬಿಟ್ಟು ಹುಡುಕಿದ್ದರಂತೆ. ಐದನೆಯವಳು, ಆರನೆಯವಳು ಒಂದೇ ಊರಿನವರು, ಹಡಗಿನಲ್ಲಿ ಬೇರೆ ಬೇರೆ ಕಂಬಕ್ಕೆ ಕಟ್ಟಿದ್ದರಿಂದ ಕೊಟ್ಟಿಗೆಗೆ ಬಂದ ಮೇಲೆಯೇ ಒಬ್ಬರ ಮುಖ ಇನ್ನೊಬ್ಬರು ನೋಡಿದ್ದು. ಏಳನೆಯವನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಸ್ವಾಮಿಗಳು ಪರೀಕ್ಷೆ ಮಾಡಬಹುದಿತ್ತು, ಆದರೆ ಈಗವನು ದೂರ ಹೋಗಿದ್ದಾನೆ. ಪ್ರತಿಯೊಂದಕ್ಕೂ ಅದೇ ಆಜ್ಞೆ. ಹೌದು ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಅಲ್ಲ ಎಂದರೂ ಮುಗಿಯುತ್ತಿತ್ತು. ಎಂಟನೆಯ ಉತ್ತರದ ಹೊತ್ತಿಗೆ, ಇನ್ನು ಹೀಗೆ ಮಾತಾಡಿದರೆ ಶಿಕ್ಷೆ ಹೆಚ್ಚಿಸಬೇಕಾದೀತೆಂದು ಎಚ್ಚರಿಸಲಾಯಿತು ಎಂದಿತ್ತು. ಒಂಬತ್ತನೆಯ ಉತ್ತರ ಎಂಟನೆಯದಕ್ಕಿಂತ ಉದ್ದವಿತ್ತು. ಅಣ್ಣ ಯಾವಾಗ ತಿರುಗಿದನೋ ಅವಳಿಗೆ ಗೊತ್ತಾಗಲಿಲ್ಲ. ಕಣ್ಣೆತ್ತಿದಾಗ ಅವನು ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳ ಬಾಯಿಯನ್ನೇ ನೋಡುತ್ತಿದ್ದ.

“ಉತ್ತರ: ಹನ್ನೊಂದನೆಯದು ಮಗು. ನನ್ನ ಕೊಟ್ಟಿಗೆಗೆ ಅವರು ಬಂದ ಮೂರನೆಯ ದಿನ ಹುಟ್ಟಿತು. ಅದನ್ನು ಯಾರೂ ಹಿಡಿದದ್ದಿಲ್ಲ, ಹಡಗಿನಲ್ಲಿ ತಂದದ್ದಿಲ್ಲ, ಮಾರಿದ್ದಿಲ್ಲ, ಕೊಂಡದ್ದಿಲ್ಲ. ಅದು ಯಾರ ಸ್ವತ್ತೆಂದು ನಾನು ಕದ್ದೆ, ತೋರಿಸಿ ಸ್ವಾಮಿ.” ಅವಳು ಹಾಳೆ ತಿರುಗಿಸಿದಳು. “ನ್ಯಾಯಾಧೀಶರು ಸುಮ್ಮನಿದ್ದರು. ಅಂದಿನ ಕಲಾಪ ಮುಗಿಯಿತು.”

ಅಣ್ಣ ಏನನ್ನೋ ಬೆರಳಿನಲ್ಲಿ ಎಣಿಸಿಕೊಂಡ. ಮುಖದ ಮೇಲೆ ಅರ್ಥವಾಗದ ಒಂದು ಹಿಗ್ಗು ನಿಧಾನವಾಗಿ ಏರಿತು. “ಹತ್ತು!” ಎಂದು ಕೂಗಿದ. “ಹತ್ತು ಕಣೇ!”

ಅತ್ತಿಗೆ ಹೆದರಿ ಓಡಿಬಂದಳು. “ಏನಾಯ್ತು?”

“ತೀರ್ಪಲ್ಲಿ ಹತ್ತು ಅಂತಿದೆ! ಆರೋಪದಲ್ಲಿ ಹನ್ನೊಂದು, ತೀರ್ಪಲ್ಲಿ ಹತ್ತು. ಇನ್ನೊಬ್ರು ಎಲ್ಲಿ ಹೋದ್ರು ಅಂತ ಮೂವತ್ತು ವರ್ಷದಿಂದ ತಲೆ ಕೆರ್ಕೊಂಡಿದೀನಿ ನಾನು. ಬಹುಶಃ ತೀರಿಕೊಂಡಿರಬೇಕು ಅಂತ ಅಡಿಟಿಪ್ಪಣಿ ಹಾಕಿದ್ದೆ. ತೀರ್ಕೊಂಡಿಲ್ಲ! ಗೆದ್ದಿದಾನೆ ಅವನು. ಏಳು ವರ್ಷ ಶಿಕ್ಷೆ ತಗೊಂಡು ಒಂದು ಮಗೂನ ಆ ಪಟ್ಟಿಯಿಂದ ಬಿಡಿಸಿದಾನೆ.” ಟವೆಲಿನಲ್ಲಿ ಮುಖ ಒರೆಸಿಕೊಂಡ; ನೊರೆಯ ಜೊತೆಗೆ ಬೇರೆ ಏನನ್ನಾದರೂ ಒರೆಸಿಕೊಂಡನೋ, ಅವಳು ಆ ಕಡೆ ನೋಡಲಿಲ್ಲ. ಆಮೇಲೆ ಅವನು ಬಂದು ತನ್ನ ಕುರ್ಚಿಯ ತೋಳಿನ ಮೇಲೆಯೇ ಕೂತ. “ನಾನು ಹೇಳ್ಕೊಟ್ಟಿದ್ದು ಎಂಥ ಸಣ್ಣ ಮಾತು ಇದರ ಮುಂದೆ. ಕೈ ಕಟ್ಟಿ ಅಂತೆ, ಹಗ್ಗ ಸಿಗಲ್ಲ ಅಂತೆ. ಅದು ಬರೀ ನಮ್ಮಂಥೋರ ಮಾತು, ತನ್ನ ಬಗ್ಗೆನೇ. ಅವನು ತನ್ನ ಬಗ್ಗೆ ಒಂದೇ ಒಂದು ಮಾತಾಡಿದಾನಾ ನೋಡು.”

“ನೀರು ಬೇಕು ಅಂದ,” ಎಂದಳು.

“ಹೌದಲ್ಲ, ಪಾಪ.”

ಹಾಳೆಗಳನ್ನು ತಾನೇ ಓದಬೇಕೆಂದು ಅವನು ಕೈ ಚಾಚಿದ. ಮೂಲದ ಚಿತ್ರವನ್ನೂ ತೆರೆದು ತೋರಿಸು ಎಂದ. ಅವಳು ಇಬ್ಬರ ನಡುವೆ ಪರದೆಯ ಮೇಲೆ ಎರಡನೆಯ ದಿನದ ಪುಟ ತೆರೆದು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ತೋರಿಸಿದಳು. ಬೆರಳಚ್ಚಿನವಳಿಗೆ ಮಾತ್ರ ಕಾಣುವಂಥದ್ದು. ಮೊದಲ ಉತ್ತರದಲ್ಲಿ ಗುಮಾಸ್ತ ಆಜ್ಞೆಯಾದ ಕೂಡಲೇ ನಿಲ್ಲಿಸಿದ್ದಾನೆ. ‘ಬಡಗಿ’ ಎಂಬುದರ ಮುಂದೆ ಅರ್ಧ ಅಕ್ಷರ, ಲೇಖನಿ ಎತ್ತಿದ ಚುಕ್ಕೆ. ಎರಡನೆಯದರಲ್ಲಿ ನಿಲ್ಲಿಸುವ ಮುನ್ನ ನಾಲ್ಕು ಪದ ಹೆಚ್ಚು ಬರೆದಿದ್ದಾನೆ. ಮೂರನೆಯದರಲ್ಲಿ ಒಂದಿಡೀ ಸಾಲು. ಹೋಗುತ್ತ ಹೋಗುತ್ತ ಅವನ ಅಕ್ಷರ ಸಣ್ಣದಾಗಿದೆ, ಒತ್ತೊತ್ತಾಗಿದೆ, ಬರೆಯುತ್ತಿದ್ದಾನೆಂದು ಮೇಲಿನ ಪೀಠಕ್ಕೆ ಕಾಣದ ಹಾಗೆ. ಬೇಡ ಎಂದದ್ದನ್ನು ಬರೆದು, ಬೇಡ ಎಂದರು ಎಂಬುದನ್ನೂ ಬರೆದಿದ್ದಾನೆ. ಅವನ ಹೆಸರೂ ಪುಟದಲ್ಲಿಲ್ಲ.

“ಅವನಿಗೇನಾಯ್ತು ಆಮೇಲೆ?” ಎಂದು ಅಣ್ಣ ಕೇಳಿದ.

“ಗೊತ್ತಿಲ್ಲ. ಮೂರನೇ ದಿನದ್ದು ಬೇರೆಯವರ ಕೈಬರಹ.”

ಅತ್ತಿಗೆ ಎರಡು ಲೋಟ ಚಹಾ ತಂದಿಟ್ಟು, ಜಗಳ ಮುಗಿಯಿತೆಂದು ಕಂಡು, ತನ್ನದನ್ನೂ ತಂದು ಬಾಗಿಲ ಬಳಿ ಕೂತಳು. ತಂಗಿಗೆ ಇದ್ದಕ್ಕಿದ್ದ ಹಾಗೆ, ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. ಓದುವ ದನಿಯಲ್ಲಿ ಹೇಳೋಣವೆಂದುಕೊಂಡಳು. ಆ ದನಿ ಬರಲಿಲ್ಲ. ತಡವರಿಸಿದಳು. ಸುಟ್ಟ ಕೈ ಎಂದಳು, ಬೀಗ ಎಂದಳು, ಅಳಿಸುವ ಕೀಲಿ ಎಂದಳು. ತೀರ್ಪಿನ ಸಾಲನ್ನು ಮಾತ್ರ ಒಂದಕ್ಷರ ತಪ್ಪದೆ ಹೇಳಿದಳು. ಹೇಳಿ ಮುಗಿಸಿ ಚಹಾ ಲೋಟ ಎತ್ತಿಕೊಂಡಳು, ಕುಡಿಯದೆ ಕೆಳಗಿಟ್ಟಳು. ಅಣ್ಣ ಸಮಾಧಾನದ ಮಾತು ಆಡುತ್ತಾನೇನೋ ಎಂಬ ಭಯವಿತ್ತು. ಬಯ್ಯುತ್ತಾನೇನೋ ಎಂಬ ಆಸೆ ಇತ್ತು. ಅವನು ಎರಡೂ ಮಾಡಲಿಲ್ಲ.

“ಆ ಹೆಂಗಸು ಈಗ ಎಲ್ಲಿದಾಳೆ?” ಎಂದು ಕೇಳಿದ್ದು ಅತ್ತಿಗೆ.

“ಸೇತುವೆ ಹತ್ರ ಬ್ರೆಡ್ಡು ಮಾಡೋ ಕಾರ್ಖಾನೇಲಿ. ಬಸ್ಸಲ್ಲಿ ಎರಡು ಸಲ ನೋಡಿದೀನಿ. ಇಳಿದುಬಿಟ್ಟೆ.”

“ಕೇಸು ಮುಗಿದೇಹೋಯ್ತಾ?”

“ಇಲ್ಲ. ಮೇಲಿನ ಕೋರ್ಟಲ್ಲಿ ಮೇಲ್ಮನವಿ ಇದೆ. ಆರು ವರ್ಷದಿಂದ ಇದೆ.”

“ಹಾಗಾದ್ರೆ ಇನ್ನೂ ಹೊತ್ತಿದೆ,” ಎಂದು ಅತ್ತಿಗೆ ಎದ್ದು, ಮೇಜಿನ ಮೇಲಿದ್ದ ಚಹಾ ಲೋಟಗಳನ್ನು ಸರಿಸಿ, ಬಿಳಿ ಹಾಳೆಗೆ ಜಾಗ ಮಾಡಿಕೊಟ್ಟಳು.

ಅಣ್ಣ ಲೇಖನಿ ಹುಡುಕಿ ಕೊಟ್ಟ. “ನಾನು ಹೇಳ್ತೀನಿ, ನೀನು ಬರ್ಕೋ,” ಎಂದವನು ತಾನೇ ನಾಲಿಗೆ ಕಚ್ಚಿಕೊಂಡ. “ಬೇಡ. ನೀನೇ ಬರಿ. ಕಾಗುಣಿತ ನಾನು ನೋಡ್ತೀನಿ.” ಕಾಗುಣಿತ ನೋಡುವ ಕೆಲಸ ಅವನಿಗೆ ಸಿಗಲಿಲ್ಲ. ಅರ್ಜಿ ಒಂದೂವರೆ ಪುಟವಾಯಿತು: ಇಂಥ ದಿನ, ಇಂಥ ಪ್ರಕರಣದಲ್ಲಿ, ಸಾಕ್ಷಿ ಇಂಥ ಮಾತು ನುಡಿದದ್ದು ನಿಜ, ಅದನ್ನು ಬಿಡಲಾಯಿತೆಂದು ನಮೂದಿಸದೆ ನಾನು ಅಳಿಸಿದ್ದೂ ನಿಜ. ಅವಳು ಬರೆಯುತ್ತಿದ್ದಾಗ ಪಕ್ಕದಲ್ಲಿ ಅಣ್ಣ ಲೇಖನ ತೆರೆದ. ಆರು ಸಾಲನ್ನು ಚೌಕಟ್ಟಿನಿಂದ ಕೆಳಗಿಳಿಸಿ, ‘ನಂತರದ ಕಾಲದಲ್ಲಿ ಅವನ ಬಾಯಲ್ಲಿ ಇರಿಸಲಾದ ಮಾತು’ ಎಂದು ಹೊತ್ತಗೆಯ ಹೆಸರಿನೊಂದಿಗೆ ಕೊನೆಯ ಭಾಗಕ್ಕೆ ಸೇರಿಸಿದ. ಹನ್ನೊಂದು ಉತ್ತರಗಳನ್ನು ಪುಟಸಂಖ್ಯೆಯ ಸಮೇತ ನಡುವೆ ಇಟ್ಟ. ಅಡಿಟಿಪ್ಪಣಿ ತೆಗೆದ. ತಿದ್ದುಪಡಿಗೆ ಕಾರಣ ಬರೆಯುವ ಸಣ್ಣ ಪಟ್ಟಿಯಲ್ಲಿ ಎರಡೇ ಬೆರಳಿನಲ್ಲಿ ಕುಟ್ಟಿದ: ‘ಮೂವತ್ತೊಂದು ವರ್ಷ ತಪ್ಪು ಹೇಳಿಕೊಟ್ಟೆ. ಇದು ಸರಿ. ನನ್ನ ವಿದ್ಯಾರ್ಥಿಗಳು ಗಮನಿಸಬೇಕು.’ ತನ್ನ ನಿಜವಾದ ಹೆಸರು, ಕೆಲಸ ಮಾಡಿದ ಶಾಲೆ, ಎಲ್ಲ ಹಾಕಿದ. ಅರ್ಧ ಗಡ್ಡ ಹಾಗೇ ಇತ್ತು. ಅವನಿಗೆ ಅರವತ್ತಾರು. ಎಂಟನೆಯ ವಯಸ್ಸಿನಲ್ಲಿ ಪರದೆಯ ಹಿಂದಿನಿಂದ ಕಂಡ ಅಣ್ಣನಿಗಿಂತ ಇವನು ದೊಡ್ಡವನು ಎಂದು ಅವಳಿಗೆ ತೋರಿತು.

ಸೋಮವಾರ ಅವಳು ಅರ್ಜಿ ಕೊಟ್ಟಳು. ಕಚೇರಿಯ ಮುಖ್ಯಸ್ಥರು ಓದಿ, ಕನ್ನಡಕ ತೆಗೆದು, “ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ. ಬೇಕಿತ್ತಾ ಇದು ನಿಮಗೆ?” ಎಂದರು. ಬೇಕಿತ್ತು ಎಂದಳು. ಹದಿನೈದು ದಿನದಲ್ಲಿ ವಿವರಣೆ ಕೇಳಿ ಕಾಗದ ಬಂತು, ತಿಂಗಳಲ್ಲಿ ವಿಚಾರಣೆಯ ಕೋಣೆಯಿಂದ ಕೆಳಗಿನ ಕಡತ ಜೋಡಿಸುವ ವಿಭಾಗಕ್ಕೆ ವರ್ಗವಾಯಿತು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿನಿಂದ ಜನ ಲೋಟ ಎತ್ತಿಕೊಂಡು ಏಳತೊಡಗಿದರು. ನಿವೃತ್ತರಾಗಿದ್ದ ನ್ಯಾಯಾಧೀಶರು ಒಮ್ಮೆ ಫೋನು ಮಾಡಿ, “ನನಗೆ ನೆನಪೇ ಇಲ್ಲಮ್ಮ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಗೊಂದಲವಿತ್ತು. ಅವಳಿಗೆ ಅವರ ಮೇಲೆ ಕನಿಕರ ಬಂತು. ಬಸ್ಸಿನಲ್ಲಿ ಕಂಡಕ್ಟರು ಅಣ್ಣನಿಗೆ ಮುಖ ಕೊಡದೆ ಎರಡು ವಾರ ಓಡಾಡಿ, ಮೂರನೆಯ ವಾರ ಬಂದು, “ಆ ಮಗು ಹೆಣ್ಣೋ ಗಂಡೋ ಮೇಷ್ಟ್ರೇ?” ಎಂದು ಕೇಳಿದನಂತೆ. ಗೊತ್ತಿಲ್ಲ ಕಣಯ್ಯ, ಹುಡುಕ್ತಾ ಇದೀನಿ ಎಂದನಂತೆ ಅಣ್ಣ.

ಬ್ರೆಡ್ಡಿನ ಕಾರ್ಖಾನೆಯ ಹಿಂಬಾಗಿಲಿಗೆ ಅವಳೇ ಹೋದಳು. ಹೆಂಗಸು ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತ ಹೊರಬಂದು ಎಲ್ಲವನ್ನೂ ನಿಂತು ಕೇಳಿದಳು. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದರೂ ಆಡಲು ನಾಚಿಕೆಯಾಗಿ ಅವಳು ನೆಲ ನೋಡುತ್ತಿದ್ದಳು.

“ನೀವು ಅವತ್ತು ಅಲ್ಲಿದ್ರಾ?” ಎಂದಳು ಹೆಂಗಸು. “ಯಾರೋ ಟಕಟಕ ಅಂತಿದ್ರು, ಅಷ್ಟೇ ನೆನಪು. ನಾನು ಹೇಳಿದ್ದೇ ತಪ್ಪೇನೋ ಅಂದ್ಕೊಂಡಿದ್ದೆ ಇಷ್ಟು ದಿನ. ಎಲ್ಲರೂ, ನೀನು ಹೇಳ್ಲೇ ಇಲ್ವಲ್ಲ ಅಂತಿದ್ರು. ಆಮೇಲಾಮೇಲೆ ನನಗೂ ಅನುಮಾನ ಬಂತು, ಹೇಳಿದ್ನೋ ಇಲ್ವೋ ಅಂತ.”

“ಹೇಳಿದ್ರಿ,” ಎಂದಳು. “ಎರಡು ವರ್ಷ ಹಾಗೇ ಹಾಕ್ತಿದ್ರು ಅಂತ ಹೇಳಿದ್ರಿ. ನಾನು ಕೇಳಿಸ್ಕೊಂಡೆ.”

ಹೆಂಗಸು ತಲೆಯಾಡಿಸಿದಳು. ಕ್ಷಮಿಸಿದೆನೆಂದು ಹೇಳಲಿಲ್ಲ. ಒಳಗೆ ಗಂಟೆ ಹೊಡೆಯಿತು. “ಒಲೆ ಕಾಯ್ತಿದೆ,” ಎಂದು ಹೋದಳು.

ಐದು ತಿಂಗಳ ಮೇಲೆ ಮೇಲಿನ ನ್ಯಾಯಾಲಯದವರು ಅವಳ ಹೇಳಿಕೆ ತೆಗೆದುಕೊಂಡು, ಸಾಕ್ಷಿಯನ್ನು ಹೊಸದಾಗಿ ಕೇಳಬೇಕೆಂದು ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿ ಕಳಿಸಿದರು. ಆ ವಿಚಾರಣೆಯ ದಿನ ಅವಳು ರಜೆ ಹಾಕಿ ಸಾರ್ವಜನಿಕರ ಬೆಂಚಿನ ತುದಿಯಲ್ಲಿ ಕೂತಳು. ಯಂತ್ರದ ಮುಂದೆ ಅವಳ ಜಾಗಕ್ಕೆ ಬಂದ ಹೊಸಬಳಿದ್ದಳು. ಪೀಠದ ಮೇಲೆ ಬೇರೆ ನ್ಯಾಯಾಧೀಶರಿದ್ದರು. ಹೆಂಗಸು ಕಟಕಟೆ ಹತ್ತಿ, ಕಂಬಿಯ ಮೇಲೆ ಕೈಯಿಟ್ಟು, ವಕೀಲರ ಮೊದಲ ಪ್ರಶ್ನೆ ಕೇಳಿಸಿಕೊಂಡಳು. ಕೋಣೆಯನ್ನೆಲ್ಲ ಒಮ್ಮೆ ನೋಡಿ, ಆ ಟಕಟಕ ಸದ್ದು ಎಲ್ಲಿಂದ ಬರುತ್ತದೆಂದು ಹುಡುಕಿ, ಹೊಸಬಳ ಕಡೆಗೇ ತಿರುಗಿ ನಿಂತಳು. “ಬಾಗಿಲಿಗೆ ಹೊರಗಡೆಯಿಂದ ಬೀಗ ಹಾಕ್ತಿದ್ರು,” ಎಂದು ಹೇಳಿ ನಿಲ್ಲಿಸಿದಳು. ಕೀಲಿಗಳ ಸದ್ದು ಪೂರ್ತಿ ನಿಲ್ಲುವವರೆಗೆ ಅವಸರವಿಲ್ಲದೆ ಕಾದಳು. ಆಮೇಲೆ ಮುಂದಿನ ಮಾತಿಗೆ ಹೋದಳು.